ಶಿದ್ರಾಮನ ಬೆಳಕಿನಲ್ಲಿ ಬಿದ್ದ ಗೋಲು

ಮೈಕಿನಲ್ಲಿ ಎರಡು ಮಾತು ಹೇಳಬೇಕೆಂದು ಮಹೇಶ ಬೆಳಿಗ್ಗೆ ಬಂದು ಹೇಳಿಹೋದದ್ದೇ ಶಿದ್ರಾಮನ ಕೊರಳಿಗೆ ಸುತ್ತಿಕೊಂಡಿತು.

“ಇವತ್ತ ಸಂಜೀಕ ಸಾಲಿ ಮೈದಾನದಾಗ ಪರಶುರಾಮಣ್ಣನ ನೆನಪಿನ ಸಭಾ ಐತ್ರಿ. ಆ ರಾತ್ರಿ ಗೋಲ್ ಹೆಂಗಾತು ಅನ್ನೂದನ್ನ ನೀವ ಹೇಳಬೇಕು. ಅವರ ಮಗಳು ಮಾಯಾ ಬರತಾಳ. ಅಪ್ಪ ಹೆಂಗ ಹೊಡದಾ ಅಂತ ಕೇಳಾಕತ್ತಾಳ. ಜೀವದ ಗೆಳ್ಯಾ ನೀವಲ್ದ ಮತ್ಯಾರ ಹೇಳಬೇಕು?”

ಮಹೇಶ ಯುವಕ ಮಂಡಳದ ಅಧ್ಯಕ್ಷ. ಉತ್ತರಕ್ಕೆ ಕಾಯದೆ ಬೈಕು ಹತ್ತಿ ಹೋದ. ಹಲ್ಲುಜ್ಜುತ್ತಿದ್ದ ಶಿದ್ರಾಮ ಬಾಯಿಯ ನೊರೆಯನ್ನೆಲ್ಲ ನುಂಗಿಬಿಟ್ಟ.

ಕುಲಗೋಡದಲ್ಲಿ ಆ ಗೋಲನ್ನು ನೋಡದವರಿಲ್ಲ. ಆಗ ಹುಟ್ಟಿರದವರೂ ನೋಡಿದ್ದಾರೆ. ನೋಡದವನು ಇಡೀ ಊರಿಗೆ ಶಿದ್ರಾಮ ಒಬ್ಬನೇ.

ಮಾಯಾ ಇನ್ನೂ ತೊಟ್ಟಿಲಲ್ಲಿದ್ದ ಕಾಲದ ಮಾತು ಅದು. ಹುಕ್ಕೇರಿಯವರೊಡನೆ ಫುಟ್ಬಾಲ್ ಫೈನಲ್. ಆಟದ ನಡುವೆ ಕರೆಂಟು ಹೋಯಿತು. ಊರವರು ಕಬ್ಬು ಹೇರುವ ಟ್ರ್ಯಾಕ್ಟರುಗಳನ್ನು ತಂದು ಮೈದಾನದ ಸುತ್ತ ನಿಲ್ಲಿಸಿ ಹೆಡ್‌ಲೈಟು ಹಾಕಿದರು, ಆಟ ಮುಂದುವರಿಯಿತು. ಹುಕ್ಕೇರಿಯವರ ಗೋಲಿನ ಮುಂದೆ ಬೆಳಕು ಚೆಲ್ಲುವ ಪಾಳಿ ಶಿದ್ರಾಮನ ಟ್ರ್ಯಾಕ್ಟರಿಗೆ ಬಂತು. ಇನ್ನೇನು ಆಟ ಮುಗಿಯಬೇಕು, ಅಷ್ಟರಲ್ಲಿ ಅದರ ದೀಪ ಮಿಣುಕತೊಡಗಿತು. ಅವನು ಬಾನೆಟ್ಟಿನೊಳಗೆ ತಲೆ ತೂರಿಸಿ, ಸಡಿಲಾಗಿದ್ದ ತಂತಿಯನ್ನು ಬ್ಯಾಟರಿಗೆ ಒತ್ತಿ ಹಿಡಿದ. ಕೈ ಬಿಟ್ಟರೆ ದೀಪ ಹೋಗುತ್ತಿತ್ತು, ತಲೆ ಎತ್ತಿದರೆ ತಂತಿ ಜಾರುತ್ತಿತ್ತು. ಹೀಗೆ ಅವನು ನಿಂತಿದ್ದಾಗಲೇ ಊರಿಗೆ ಊರೇ ಹೋ ಎಂದಿತು. ತಲೆ ಹೊರಗೆ ತೆಗೆಯುವಷ್ಟರಲ್ಲಿ ಪರಶುರಾಮ ಜನರ ಹೆಗಲ ಮೇಲಿದ್ದ.

ನೋಡಲಿಲ್ಲವೆಂಬ ಸಂಕಟಕ್ಕೆ ಶಿದ್ರಾಮನಿಗೆ ಒಂದೇ ಸಮಾಧಾನ. ಏನೇ ಆದರೂ ಗೋಲು ಬಿದ್ದದ್ದು ತನ್ನ ಬೆಳಕಿನಲ್ಲಿ.

ಹೋದ ತಿಂಗಳು ಗೋಕಾಕದ ದವಾಖಾನೆಯಲ್ಲಿ ಪರಶುರಾಮ, ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದವನು, ಇವನ ಕೈ ಹಿಡಿದು ಕೇಳಿದ್ದ: “ಆ ಗೋಲ್ ನಾ ಹೆಂಗ ಹೊಡದ್ನೋ, ಒಮ್ಮಿ ಹೇಳೋ.”

ಶಿದ್ರಾಮನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಖರೆ ಹೇಳಲು ಮನಸ್ಸು ಬರಲಿಲ್ಲ. “ನಾಳಿ ಹೇಳತೇನಿ, ಈಗ ಮಲಕೋ” ಎಂದಿದ್ದ. ಆ ರಾತ್ರಿ ಪರಶುರಾಮ ಮಲಗಿದ. ಮತ್ತೆ ಏಳಲಿಲ್ಲ.

ತಂದೆಗೆ ಹೇಳದ್ದನ್ನು ಮಗಳಿಗಾದರೂ ಸರಿಯಾಗಿ ಹೇಳಬೇಕು. ಶಿದ್ರಾಮ ಅಂಗಿ ತೊಟ್ಟು ಹೊರಟ.

ಕೆಂಚಪ್ಪನ ಚಹಾದಂಗಡಿಯಲ್ಲಿ ಬಜಿ ಕರಿಯುತ್ತಿದ್ದರು.

“ಕೆಂಚಪ್ಪಣ್ಣಾ, ಆ ಗೋಲ್ ಯಾವ ಕಾಲಿಲೆ ಹೊಡದಾ?”

“ಎಡಗಾಲಿಲೆ! ಹಿಂಗ!” ಎಂದು ಕೆಂಚಪ್ಪ ಎಡಗಾಲು ಬೀಸಿದ. ಚಪ್ಪಲಿ ಗೋಲುಕೀಪರನ ತಲೆಯ ಮೇಲಿಂದ ಹೋದ ಚೆಂಡಿನಂತೆ ಹಾರಿ ಕಾದ ಎಣ್ಣೆಯ ಬಾಣಲೆಗೆ ಬಿತ್ತು. “ನಿನ್ನ ಗೋಲ್ ಹಾಳಾಗಲಿ! ಎಣ್ಣಿ ಯಾರ ಕೊಡತಾರ?” ಎಂದು ಆತ ಸಟ್ಟುಗ ಎತ್ತಿಕೊಂಡ.

ಅಂದು ಮೈದಾನದಲ್ಲಿ ಶೇಂಗಾ ಮಾರುತ್ತಿದ್ದ ಉದ್ದವ್ವ ಅಂಗಡಿಯೆದುರಿನ ಕಟ್ಟೆಯ ಮೇಲಿಂದಲೇ ಬೈದಳು. “ಎಡಗಾಲಂತ ಎಡಗಾಲು! ಅವನ ಕಣ್ಣಾಗ ಮಣ್ಣ ಬಿದ್ದಿತ್ತೇನ? ತಲೀಲೆ ಹೊಡದಾ ತಮ್ಮಾ. ಕೋಣ ಹಾದಂಗ ಹಾದಾ. ಈ ಕಣ್ಣಿಲೆ ನೋಡೀನಿ.” ಹಾಯುವುದೆಂದರೆ ಹೇಗೆಂದು ಶಿದ್ರಾಮನ ಎದೆಗೆ ತಲೆ ಗುದ್ದಿ ತೋರಿಸಿದಳು. ಅಂಗಿಯ ಮೇಲಿನ ಗುಂಡಿ ಕಿತ್ತು ಗಟಾರಕ್ಕೆ ಬಿತ್ತು.

ಇಬ್ಬರ ಸಾಕ್ಷಿಯನ್ನು ಕೂಡಿಸಿ ನೋಡಿದರೆ ಚೆಂಡು ಒಂದೇ ಹೊತ್ತಿಗೆ ನೆಲದಲ್ಲೂ ಇರಬೇಕು, ಆಳೆತ್ತರದಲ್ಲೂ ಇರಬೇಕು. ಅಂದು ರೆಫರಿಯಾಗಿದ್ದ ಅಶೋಕ ಈಗ ಅರಭಾವಿಯ ಕಾಲೇಜಿನ ತೋಟದಲ್ಲಿ ಕೆಲಸಕ್ಕಿದ್ದ. ಶಿದ್ರಾಮ ಬಸ್ಸು ಹಿಡಿದು ಅಲ್ಲಿಗೂ ಹೋದ.

ಅಶೋಕ ಪೈಪು ಹಿಡಿದು ಸಸಿಗೆ ನೀರು ಬಿಡುತ್ತಿದ್ದ.

“ರೆಫ್ರೀ ಗೋಲ್ ನೋಡೂದಿಲ್ಲೋ ಶಿದ್ರಾಮ, ತೀರ್ಪು ಕೊಡತಾನ” ಎಂದು ಪೈಪನ್ನು ಇವನ ಕಡೆಗೇ ತಿರುಗಿಸಿದ. ತೋಯ್ದ ಅಂಗಿ, ತೆರೆದ ಎದೆ. ಈ ಸೊಗಸಿನಲ್ಲೇ ಶಿದ್ರಾಮ ಸಭೆಗೆ ಬಂದು ಮುಟ್ಟಿದ.

ಕುರ್ಚಿಗಳ ಮುಂದೆ ಪರಶುರಾಮನ ಫೋಟೋ, ಫೋಟೋದ ಕೆಳಗೊಂದು ಹಳೆಯ ಚೆಂಡು. ಅವನ ಹೆಂಡತಿ ರಾಧಿಕಾ ಸೆರಗಿನ ತುದಿ ಕಚ್ಚಿ ಕೂತಿದ್ದಳು, ಮಗ್ಗುಲಲ್ಲಿ ಮಾಯಾ. ಹಿಂದಿನ ಸಾಲಿನಲ್ಲಿ ಒಬ್ಬ ಬೋಳುತಲೆಯವ. ಅಂದಿನ ಹುಕ್ಕೇರಿ ಗೋಲುಕೀಪರ್ ಭೀಮೇಶ! ಇವನಿಗಿಂತ ಹತ್ತಿರದಿಂದ ನೋಡಿದವರು ಯಾರಿದ್ದಾರೆ? ಶಿದ್ರಾಮ ಅವನನ್ನು ಶಾಲೆಯ ನಳದ ಹಿಂದಕ್ಕೆ ಎಳೆದೊಯ್ದ.

“ಭೀಮೇಶಣ್ಣಾ, ಕಾಲಿಲೋ ತಲೀಲೋ?”

ಭೀಮೇಶ ಸುತ್ತ ನೋಡಿದ. “ಯಾರ ಮುಂದೂ ಬಾಯಿ ಬಿಡಬ್ಯಾಡ. ಅಂವಾ ಹೊಡದಿಲ್ಲ. ಚೆಂಡ ನನ್ನ ಕೈಯಾಗಿತ್ತು. ಅಷ್ಟರಾಗ ನಿನ್ನ ದೀಪ ಹೋತು.”

“ದೀಪ ಹೋತು?”

“ಕಗ್ಗತ್ತಲಿ. ಪರಶ್ಯಾ ಓಡಿ ಬಂದು ನನಗ ಡಿಕ್ಕಿ ಹೊಡದಾ. ನಾ ಗಿರ್ರಂತ ತಿರಗಿದೆ. ಮೈದಾನ ಯಾವ ಕಡೆ ಅಂತ ತಿಳೀದ ಬೀಸಿ ಒಗದೆ. ನನ್ನ ಗೋಲಿನ್ಯಾಗ ನಾನ ಒಗದಿದ್ದೆ. ಬೆಳಕ ಬಂದಾಗ ಗೋಲಿನ ಜಾಳಗಿಯೊಳಗ ಚೆಂಡ, ಚೆಂಡಿನ ಬಾಜೂ ಅಂವಾ ಬೋರಲ ಬಿದ್ದಿದ್ದ. ನಾ ತಿರಗಿ ಹುಕ್ಕೇರಿಗಿ ಹೋಗೂದಿತ್ತಲ್ಲೋ, ಸುಮ್ಮನಾದೆ.”

“ದೀಪ ಹೋಗಿತ್ತಂತ ನನಗ ಯಾರೂ ಹೇಳಲೇ ಇಲ್ಲಲ್ಲಾ!”

“ದೀಪ ಹೋಗಿತ್ತು ಅಂದ್ರ ಗೋಲ್ ನೋಡಿಲ್ಲ ಅಂದಂಗಾತು. ಯಾರ ಹೇಳತಾರ?”

ಶಿದ್ರಾಮ ನಳದ ಕಟ್ಟೆಯ ಮೇಲೆ ಕೂತುಬಿಟ್ಟ. ಇಷ್ಟು ವರ್ಷ ಬೆಚ್ಚಗೆ ಇಟ್ಟುಕೊಂಡಿದ್ದ ಬೆಳಕೂ ಹೋಯಿತು.

“ಪರಶ್ಯಾಗ ಗೊತ್ತಿತ್ತು?”

“ಎಲ್ಲಿ ಗೊತ್ತು? ಕಡೀ ದಿನ ರಾತ್ರಿ ದವಾಖಾನಿಯಿಂದ ಫೋನ್ ಮಾಡಿದ್ದ. ‘ನಾನ ಹೊಡದದ್ದು ಹೌದಲ್ಲೋ? ನನಗ ನೆನಪ ಇಲ್ಲ’ ಅಂದಾ. ‘ನೀನ ಹೊಡದಿ, ನನಗ ತಡಿಯಾಕ ಆಗಲಿಲ್ಲ’ ಅಂದೆ. ನಕ್ಕಾ. ‘ಎಲ್ಲಾರೂ ಒಂದೊಂದು ಹೇಳತಾರ. ಶಿದ್ರಾಮ ಸುಳ್ಳ ಹೇಳಾಂವಲ್ಲ, ನಾಳಿ ಹೇಳತೇನಿ ಅಂದಾನ. ಅವನ ಸಲುವಾಗಿ ಕಾಯಾಕತ್ತೇನಿ’ ಅಂದಾ.”

ಮೈಕಿನಲ್ಲಿ ಮಹೇಶ ಶಿದ್ರಾಮನ ಹೆಸರು ಕೂಗಿದ.

ಶಿದ್ರಾಮ ಹೋಗಿ ನಿಂತ. ಮಾಯಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು, ಅಪ್ಪನದೇ ಕಣ್ಣು. ಹುಟ್ಟಿದಾಗಿನಿಂದ ಆಡದ ಸುಳ್ಳನ್ನು ಶಿದ್ರಾಮ ಅಂದು ಮನಸ್ಸು ತುಂಬಿ ಆಡಿದ. “ಚೆಂಡ ಬಲಗಡಿಯಿಂದ ಬಂತ್ರಿ. ನನ್ನ ಬೆಳಕ ಪರಶ್ಯಾನ ಮಾರಿ ಮ್ಯಾಲ ಇತ್ತು. ಎದಿಮ್ಯಾಲ ತಗೊಂಡಾ, ಬಲಗಾಲಿಲೆ ಒಂದ ಕೊಟ್ಟಾ ನೋಡ್ರಿ...”

“ಬಲಗಾಲು?” ಕೆಂಚಪ್ಪ ಕುರ್ಚಿಯಿಂದೆದ್ದ. “ಎಡಗಾಲೋ ಮಗನ!”

“ತಲೀಲೆ!” ಎಂದಳು ಉದ್ದವ್ವ. “ಇಂವಗೇನ ಗೊತ್ತು? ಟ್ರ್ಯಾಕ್ಟರಿನ್ಯಾಗ ತಲಿ ತುರಕೊಂಡ ನಿಂತಿದ್ದ!”

“ಹೌದ್ಹೌದು! ಕುಂಡಿ ಅಷ್ಟ ಕಾಣತಿತ್ತು!” ಎಂದರು ಹಿಂದಿನವರು. ಸಭೆಯೆಲ್ಲ ನಕ್ಕಿತು. ಅಳುತ್ತಿದ್ದ ರಾಧಿಕಾಳೂ ಸೆರಗಿನೊಳಗೆ ನಕ್ಕಳು. ಮಹೇಶ ಮೈಕು ಕಸಿದುಕೊಂಡ. “ನೋಡಿಲ್ಲಂದ್ರ ಬೆಳಿಗ್ಗೇನ ಹೇಳಬೇಕಿಲ್ಲೇನ್ರಿ!”

ಜನ ಚಪ್ಪಲಿ ಬಿಟ್ಟು ಮೈದಾನಕ್ಕಿಳಿದು, ಗೋಲು ಹೇಗೆ ಬಿತ್ತೆಂದು ಒಬ್ಬರಿಗೊಬ್ಬರು ಹೊಡೆದು ತೋರಿಸತೊಡಗಿದರು. ಭೀಮೇಶನನ್ನೂ ಎಳೆದೊಯ್ದು ಕಂಬಗಳ ನಡುವೆ ನಿಲ್ಲಿಸಿದರು.

ಮಾಯಾ ಮೆಲ್ಲಗೆ ಬಂದಳು. “ಕಾಕಾ, ನೀವು ಖರೇನ ನೋಡಿಲ್ಲ?”

ಶಿದ್ರಾಮ ಫೋಟೋದತ್ತ ಒಮ್ಮೆ ನೋಡಿದ.

“ಇಲ್ಲವ್ವಾ. ಇಡೀ ಊರ ನೋಡೇತಿ. ನಾ ಒಬ್ಬಾವ ನೋಡಿಲ್ಲ.”