ಮರಿಗೊಂದು ಡಬ್ಬಿ

ಅರಸೀಕೆರೆಯ ಬಾಡಿಗೆ ಮನೆಯಲ್ಲಿ ಆಕ್ಸೊಲಾಟಲ್ ಸಾಕಿ ನೋಡಿ, ಸಿಟ್ಟಿಗೆ ಕಾರಣ ಹುಡುಕುವ ಕಷ್ಟವೇ ಇರುವುದಿಲ್ಲ. ಇದು ಗೇಣುದ್ದದ ನೀರಿನ ಪ್ರಾಣಿ. ನಾಲ್ಕು ಕಾಲು, ಕತ್ತಿನ ಎರಡೂ ಕಡೆ ಗರಿಯಂಥ ಕಿವಿರು, ಬಾಯಿ ಯಾವಾಗಲೂ ನಕ್ಕ ಹಾಗೆ. ನೀರು ತಣ್ಣಗಿರಬೇಕು, ಬೆಳಕು ಕಮ್ಮಿ ಇರಬೇಕು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಒಂದು ಜೋಡಿ ತಂದು ಮರಿ ಮಾಡಿಸಲು ಹೊರಟೆ. ಪ್ರಾಣಿಗಳಿಂದ ನನಗೆ ಏನೂ ತೊಂದರೆಯಾಗಲಿಲ್ಲ. ಆದದ್ದೆಲ್ಲ ಮನುಷ್ಯರಿಂದ.

ತಣ್ಣನೆಯ ಕೋಣೆ

ಥರ್ಮಾಮೀಟರ್ ಹಿಡಿದು ಮನೆಯೆಲ್ಲ ಸುತ್ತಿದೆ. ಎಲ್ಲಕ್ಕಿಂತ ತಣ್ಣಗಿದ್ದದ್ದು ದೇವರ ಕೋಣೆ. ಬಿಸಿಲಿಲ್ಲ, ಸದ್ದಿಲ್ಲ. ದೇವರನ್ನು ನಡುಮನೆಯ ಗೋಡೆಗೂಡಿಗೆ ಕಳಿಸಿ ಅಲ್ಲಿ ಟ್ಯಾಂಕ್ ಇಡೋಣ ಎಂದು ಅತ್ತೆಗೆ ಹೇಳಿದೆ.

ಅತ್ತೆ ಹೂ ಕಟ್ಟುವುದನ್ನು ನಿಲ್ಲಿಸಿದರು. "ಮಾಲೇಕಲ್ಲು ವೆಂಕಟರಮಣನ್ನ ಎಬ್ಬಿಸಿ ಹಲ್ಲಿ ಕೂರಿಸ್ತೀಯಾ?"

"ಹಲ್ಲಿ ಅಲ್ಲ ಅತ್ತೆ. ಸೆಕೆ ಆದ್ರೆ ಸತ್ತೇ ಹೋಗುತ್ತೆ."

"ದೇವರಿಗೆ ಸೆಕೆ ಆಗಲ್ವಾ?"

"ದೇವರು ಮೊಟ್ಟೆ ಇಡಲ್ವಲ್ಲ" ಅಂದುಬಿಟ್ಟೆ.

ಟ್ಯಾಂಕು ಬಚ್ಚಲ ಪಕ್ಕದ ಸಾಮಾನು ಕೋಣೆಗೆ ಹೋಯಿತು. ಅತ್ತೆ ಮಾತು ಬಿಟ್ಟರು. ಬಹಳ ದಿನದ ಮೇಲೆ ಮುಖ ಗಂಟಿಕ್ಕಿಕೊಂಡೇ ಬಾಯಿಬಿಟ್ಟು ಮೊದಲು ಕೇಳಿದ್ದು, "ಮೊಟ್ಟೆ ಇಟ್ತಾ?"

ಒಂದೇ ತಾಯಿ ಮಕ್ಕಳು

ಇಟ್ಟಿತು, ಮರಿಗಳೂ ಆದವು. ಅವನ್ನು ಒಟ್ಟಿಗೆ ಬಿಟ್ಟರೆ ಒಂದರ ಕಾಲನ್ನು ಇನ್ನೊಂದು ಕಚ್ಚಿ ತಿನ್ನುತ್ತದೆ. ಹೋದ ಕಾಲು ಮತ್ತೆ ಬೆಳೆಯುತ್ತದೆ, ಆದರೂ ಹಿಂಸೆ ಹಿಂಸೆಯೇ. ಅದಕ್ಕೇ ಮರಿಗೊಂದು ಡಬ್ಬಿ. ಹಪ್ಪಳದ ಡಬ್ಬಿ, ಐಸ್‌ಕ್ರೀಮ್ ಡಬ್ಬಿ, ನನ್ನ ಊಟದ ಡಬ್ಬಿ, ಎಲ್ಲ ಕಪಾಟು ಸೇರಿದವು.

ಮಾದಿಹಳ್ಳಿಯಿಂದ ಬಂದಿದ್ದ ನನ್ನ ದೊಡ್ಡಪ್ಪನಿಗೆ ಇದನ್ನೆಲ್ಲ ವಿವರಿಸಿಯೇ ಸ್ಕೂಲಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಮರಿಗಳೆಲ್ಲ ಒಂದೇ ಟಬ್ಬಿನಲ್ಲಿ, ಅರ್ಧಕ್ಕರ್ಧ ಕುಂಟು. ಮೈಯೆಲ್ಲ ಉರಿದುಹೋಯಿತು.

"ಯಾಕೆ ಹಿಂಗ್ ಮಾಡಿದ್ರಿ ದೊಡ್ಡಪ್ಪ?"

"ಒಂದೇ ತಾಯಿ ಮಕ್ಕಳು ಕಣಮ್ಮ. ಬೇರೆ ಬೇರೆ ಇಡಬಾರ್ದು."

"ಮತ್ತೆ ನೀವೂ ನಮ್ಮಪ್ಪನೂ ಊರ ಮನೆಗೆ ನಡುಗೋಡೆ ಯಾಕೆ ಹಾಕ್ಕೊಂಡ್ರಿ?"

ದೊಡ್ಡಪ್ಪ ಟಬ್ಬನ್ನೇ ನೋಡುತ್ತ ಹೇಳಿದರು: "ನಮಗೆ ಕಾಲು ಮತ್ತೆ ಬೆಳೆಯಲ್ವಲ್ಲಮ್ಮ."

ಓನರ್ ಬಂದರು

ಪಕ್ಕದ ಮನೆಯವರು ಫೋನ್ ಮಾಡಿ ಚಾಡಿ ಹೇಳಿದ್ದರಂತೆ. ಮನೆ ಓನರ್ ಹಾರನಹಳ್ಳಿಯಿಂದ ಬೈಕಿನಲ್ಲಿ ಬಂದವರೇ ಬಾಗಿಲಲ್ಲೇ ಶುರು ಮಾಡಿದರು. "ನಾನು ಮನೆ ಕೊಟ್ಟಿದ್ದು ಸಂಸಾರಕ್ಕೆ, ಮೊಸಳೆಗಲ್ಲ. ಖಾಲಿ ಮಾಡಿ."

ನನಗೂ ರೇಗಿತು. ಇಷ್ಟು ಮರಿ ಹೊತ್ತುಕೊಂಡು ಎಲ್ಲಿಗೆ ಹೋಗಲಿ? "ನೋಡ್ಬಿಟ್ಟು ಆಮೇಲೆ ಬಯ್ರಿ" ಎಂದು ಒಳಗೆ ಕರೆದುಕೊಂಡು ಹೋದೆ. ಅವರು ಟ್ಯಾಂಕಿನ ಮುಂದೆ ನಿಂತು ಬೆರಳು ಆಡಿಸುತ್ತ ಬೈದರು. ಗಂಡು ಆಕ್ಸೊಲಾಟಲ್ ನಿಧಾನವಾಗಿ ಗಾಜಿನ ಹತ್ತಿರ ಬಂತು.

"ನಾನು ಬಯ್ತಾ ಇದ್ರೆ ಇದು ನಗ್ತೈತಲ್ಲ ಮೇಡಂ."

"ಅದರ ಮುಖವೇ ಹಾಗೆ. ಏನಂದರೂ ನಗುತ್ತೆ."

"ಎದುರು ಮಾತಾಡಕಿಲ್ವಾ?"

"ಎಲ್ಲಾದ್ರೂ ಉಂಟಾ?"

ಅವರು ಇನ್ನೊಂದು ಸಲ ಬೈದು ನೋಡಿದರು. ಅದು ನಗುತ್ತಲೇ ಇತ್ತು. ಆಮೇಲೆ ದನಿ ತಗ್ಗಿಸಿ, "ಖಾಲಿ ಮಾಡೋದು ಇರ್ಲಿ ಬಿಡಿ. ನಂಗೊಂದು ಕೊಡ್ತೀರಾ?" ಎಂದರು.

ನನ್ನ ಸಿಟ್ಟು ಇಳಿದಿರಲಿಲ್ಲ. "ಸುಮ್ನೆ ಕೊಡಲ್ಲ. ನಿಮ್ಮನೇಲಿ ತಣ್ಣಗಿರೋ ಕೋಣೆ ಯಾವ್ದಿದೆ, ಮೊದ್ಲು ಹೇಳಿ."

ಓನರ್ ತಲೆ ಕೆರೆದುಕೊಂಡರು. "ನಾನು ಎದ್ದು ಆಚೆ ಹೋದ್ರೆ ಎಲ್ಲಾ ಕೋಣೇನೂ ತಣ್ಣಗಾಯ್ತವೆ ಅಂತಾಳೆ ನಮ್ಮ ಮನೆಯವ್ಳು."