ನಮ್ಮ ಓಣಿಯನ್ನೆಲ್ಲ ಪಾಸು ಮಾಡಿದ ಅಕ್ಷರ ಫಲಕಕ್ಕೆ

ಉಚಿತ ನೇತ್ರ ಶಿಬಿರದ ಅಕ್ಷರ ಫಲಕದವರ ಸನ್ನಿಧಾನಕ್ಕೆ,

ಮಾನ್ಯರೇ,

ಮೇಲ್ಗಡೆ ದಪ್ಪ, ಕೆಳಗಡೆ ಸಣ್ಣ, ಬಿಳಿ ಮೈತುಂಬ ಕಪ್ಪು ಅಕ್ಷರ ಹೊತ್ತು ಒಂದೇ ಮೊಳೆಗೆ ನೇತುಬಿದ್ದು ಇಡೀ ದಿನ ಜನಸೇವೆ ಮಾಡಿದ ತಮಗೆ, ನಮ್ಮ ಬಡಾವಣೆಯ ಹಿಂದಿನ ಓಣಿಯ ಸಮಸ್ತ ನಿವಾಸಿಗಳ ಪರವಾಗಿ ಅನಂತ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದೂ, ಸುರುಳಿ ಸುತ್ತಿ ಪೆಟ್ಟಿಗೆಗೆ ತುರುಕುವಾಗ ತಮ್ಮ ಮೂಲೆಗಳಿಗೆ ಪೆಟ್ಟಾಗಿಲ್ಲವೆಂದೂ ಭಾವಿಸುತ್ತೇನೆ. ನಾವೂ ಕ್ಷೇಮ. ನಮ್ಮೆಲ್ಲರ ಕಣ್ಣುಗಳಂತೂ ಪರಮ ಕ್ಷೇಮ ಎಂದು ತಮ್ಮ ಸೇವಾ ಸಂಸ್ಥೆಯೇ ಧ್ವನಿವರ್ಧಕದಲ್ಲಿ ಸಾರಿರುವುದರಿಂದ, ಆ ವಿಷಯದಲ್ಲಿ ನಾನು ಬೇರೆ ಮಾತಾಡುವುದು ಸಭ್ಯತೆಯಲ್ಲ.

ನಾನು ಯಾರೆಂದು ತಿಳಿಸಿಬಿಡುತ್ತೇನೆ. ಸರ್ಕಾರಿ ಕಚೇರಿಯ ಗೇಟಿನ ಪಕ್ಕದಲ್ಲಿ ಮೇಜು ಹಾಕಿಕೊಂಡು ಪರರ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಒಬ್ಬರಿಗೆ ನಲ್ಲಿಯಲ್ಲಿ ನೀರಿಲ್ಲ, ಇನ್ನೊಬ್ಬರು ಬದುಕಿದ್ದರೂ ಕಾಗದದಲ್ಲಿ ತೀರಿಕೊಂಡಿದ್ದಾರೆ; ಅಂಥವರ ದುಃಖವನ್ನೆಲ್ಲ ‘ತಮ್ಮಲ್ಲಿ ಸವಿನಯ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಸಾಲಿನ ಕೆಳಗೆ ಅಚ್ಚುಕಟ್ಟಾಗಿ ಕೂರಿಸುವವನು ನಾನು. ನ್ಯಾಯವಾಗಿ ನೋಡಿದರೆ ಈ ಪತ್ರವನ್ನು ತಮ್ಮ ಸಂಸ್ಥೆಯ ಅಧ್ಯಕ್ಷರಿಗೆ ಬರೆಯಬೇಕಿತ್ತು. ಆದರೆ ಅವರು ಸದಾ ಯಾವುದಾದರೊಂದು ಟೇಪು ಕತ್ತರಿಸುತ್ತಿರುತ್ತಾರೆ, ಕೈಗೆ ಬಿಡುವಿರುವುದಿಲ್ಲ. ವೈದ್ಯರಿಗೆ ಬರೆಯೋಣವೆಂದರೆ ಅವರು ನಮ್ಮ ಓಣಿಯವರ ಮುಖವನ್ನೇ ಕಂಡವರಲ್ಲ. ಆ ಶಿಬಿರದಲ್ಲಿ ಭಾಷಣ ಮಾಡದೆ, ಫೋಟೋಕ್ಕೆ ನಗದೆ, ಬೆಳಗಿನಿಂದ ಸಂಜೆಯವರೆಗೆ ನಿಂತ ಏಕೈಕ ಗಣ್ಯರು ತಾವಾದ್ದರಿಂದ ತಮಗೇ ಬರೆಯುತ್ತಿದ್ದೇನೆ.

ಶಿಬಿರದ ಭವ್ಯತೆಯನ್ನು ಎಷ್ಟು ಹೊಗಳಿದರೂ ಸಾಲದು. ಸಮುದಾಯ ಭವನದ ಬಾಗಿಲೇ ಮುಚ್ಚಿಹೋಗುವಷ್ಟು ದೊಡ್ಡ ಬ್ಯಾನರು, ಅದರಲ್ಲಿ ಅಧ್ಯಕ್ಷರ ಮುಖ, ಮುಖದಲ್ಲಿ ಒಂದೊಂದು ಕಣ್ಣೂ ನಮ್ಮ ಮನೆಯ ಕಿಟಕಿಯಷ್ಟು. ಕಣ್ಣಿನ ತೊಂದರೆಯಿದ್ದವರಿಗೂ ದೂರದಿಂದಲೇ ಕಾಣಲಿ ಎಂಬ ಕಳಕಳಿಯಿಂದಲೇ ಹಾಗೆ ಮಾಡಿಸಿರಬೇಕು. ಮುಂದಿನ ಸಾಲುಗಳ ಕುರ್ಚಿಗಳಲ್ಲಿ ದಾನಿಗಳು, ದಾನಿಗಳ ಪತ್ನಿಯರು, ದಾನಿಗಳಾಗಲು ಯೋಚಿಸುತ್ತಿರುವವರು ಕೂತಿದ್ದರು. ಕಣ್ಣು ತೋರಿಸಲು ಬಂದವರು ಗೋಡೆಗೆ ಒರಗಿ ನಿಂತಿದ್ದೆವು. ಕತ್ತಲಲ್ಲಿರುವವರಿಗೆ ಬೆಳಕು ತರುವ ಬಗ್ಗೆ ಅಧ್ಯಕ್ಷರು ಮಧ್ಯಾಹ್ನದವರೆಗೆ ಮಾತಾಡಿದರು. ಹಾಗೆ ಮಾತಾಡುವಾಗ ಅವರು ಕಪ್ಪು ಕನ್ನಡಕ ತೆಗೆಯಲಿಲ್ಲ.

ಇನ್ನು ತಮ್ಮ ಸಂಸ್ಥೆಯ ಏರ್ಪಾಡು. ತಮ್ಮ ಎದುರು ಗೆರೆಯ ಮೇಲೆ ನಿಂತು ನಾಲ್ಕನೆಯ ಸಾಲಿನವರೆಗೆ ಓದಿದವರಿಗೆ ಎದೆಗೆ ಹಸಿರು ಬಿಲ್ಲೆ ಚುಚ್ಚಿ, ಒಂದು ಲೋಟ ಚಹಾ ಕೊಟ್ಟು ಮನೆಗೆ ಕಳಿಸುವುದು. ಓದಲಾಗದವರನ್ನು ಒಳಕೋಣೆಗೆ ಕರೆದೊಯ್ಯುವುದು. ಅಲ್ಲಿ ವೈದ್ಯರು, ಟಾರ್ಚು, ಕನ್ನಡಕ, ಬೇಕಾದವರಿಗೆ ಆಪರೇಷನ್ನಿನ ದಿನಾಂಕ ಎಲ್ಲವೂ ಇದ್ದವಂತೆ. ಇದರಲ್ಲಿ ತಪ್ಪು ಹುಡುಕಲು ನನ್ನಂಥ ಅರ್ಜಿಬುರುಕನಿಂದಲೂ ಸಾಧ್ಯವಿಲ್ಲ. ತಪ್ಪಾದದ್ದು ಒಂದು ಪದದಲ್ಲಿ ಮಾತ್ರ.

ಹಿಂದಿನ ದಿನ ತಮ್ಮವರು ಆಟೋಕ್ಕೆ ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತಿ, “ನಾಳೆ ಉಚಿತ ಕಣ್ಣಿನ ಪರೀಕ್ಷೆ! ಎಲ್ಲರೂ ತಪ್ಪದೆ ಹಾಜರಾಗಿ!” ಎಂದು ಕೂಗಿದರಲ್ಲ, ನಮ್ಮ ಜನ ಅದನ್ನು ಕಿವಿಯಾರೆ ಕೇಳಿದರು. ಪರೀಕ್ಷೆ ಎಂದರೆ ನಮ್ಮ ಓಣಿಯಲ್ಲಿ ಒಂದೇ ಅರ್ಥ. ಅದರಲ್ಲಿ ಪಾಸಾಗುವುದಿರುತ್ತದೆ, ಫೇಲಾಗುವುದಿರುತ್ತದೆ. ಖಾಸಗಿ ಕಟ್ಟಡವೊಂದರ ಗೇಟು ಕಾಯುವ ವಾಚ್‌ಮನ್ ದೊಡ್ಡಪ್ಪ ಅಂದು ಸಂಜೆಯೇ ನನ್ನ ಮೇಜಿನ ಬಳಿ ಬಂದು, “ಏನೇನ್ ಕೇಳ್ತಾರಂತಪ್ಪಾ? ಸ್ವಲ್ಪ ಹೇಳ್ಕೊಡು” ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಮರುದಿನ ಸಾಲಿನಲ್ಲಿ ನಿಂತ ನಮ್ಮವರು, ಮುಂದಿದ್ದ ಬೇರೆ ಓಣಿಗಳವರಲ್ಲಿ ಓದಲಾಗದವರನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಳ್ಳುವುದನ್ನೂ, ಹೋದವರು ಹೊರಗೆ ಬಾರದಿರುವುದನ್ನೂ ಕಂಡರು. ಹಿಂಬಾಗಿಲಿನಿಂದ ಕಳಿಸುತ್ತಿದ್ದರೆಂದು ಅವರಿಗೇನು ಗೊತ್ತು? ಸೊಪ್ಪು ಮಾರುವ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದು, “ಫೇಲಾದೋರನ್ನ ಒಳಗೆ ಹಾಕ್ತಾವ್ರೆ” ಎಂದಳು. ಅಷ್ಟು ಸಾಕಾಯಿತು.

ಮಾನ್ಯರೇ, ತಮ್ಮನ್ನು ನೇತುಹಾಕಿದ್ದು ಸಾಲಿಗೆ ತೀರ ಹತ್ತಿರ. ಮುಂದಿದ್ದ ಕಣ್ಣು ಚುರುಕಿನವರು ಗಟ್ಟಿಯಾಗಿ ಓದಿದ್ದು ಹಿಂದಿದ್ದವರ ಕಿವಿಗೆ ಬೀಳುತ್ತಲೇ ಇತ್ತು. ಮೇಲೊಂದು ‘ಟ’, ಅದರ ಕೆಳಗೆ ‘ಗ ಲ’, ಮೂರನೆಯದರಲ್ಲಿ ‘ಜ ನ ರ’, ನಾಲ್ಕನೆಯದರಲ್ಲಿ ‘ಬ ಳ ಗ ದ’. ಬಾಯಿಂದ ಬಾಯಿಗೆ ದಾಟಿ ಸಾಲಿನ ಬಾಲ ಮುಟ್ಟುವ ಹೊತ್ತಿಗೆ ತಾವು ‘ಟಗಲ ಜನರ ಬಳಗದ’ ಎಂದಾಗಿದ್ದಿರಿ. ಚಿಕ್ಕಂದಿನಲ್ಲಿ ಮಗ್ಗಿ ಬಾರದೆ ಬೆತ್ತದೇಟು ತಿಂದ ಜನವೆಲ್ಲ ತಮ್ಮನ್ನು ಒಂದೇ ಏಟಿಗೆ ಬಾಯಿಪಾಠ ಮಾಡಿಕೊಂಡಿತು. ಅದು ಸಂಸ್ಥೆಯ ಹೆಸರಿರಬೇಕೆಂದು ಭಾವಿಸಿದವರೂ ಇದ್ದಾರೆ. “ಟಗಲ ಜನರ ಬಳಗದೋರು ಒಳ್ಳೇವ್ರು ಕಣೋ, ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕ್ತಾರೆ” ಎಂದು ನನ್ನ ಅಕ್ಕ ಇವತ್ತಿಗೂ ನೆನೆಯುತ್ತಾಳೆ.

ಆ ಅಕ್ಕನ ಸಲುವಾಗಿಯೇ ಈ ಪತ್ರ. ದರ್ಜಿ ಅಂಗಡಿಯಿಂದ ಹೊಲಿದ ಬಟ್ಟೆ ಮನೆಗೆ ತಂದು ಕಾಜಾ ಹಾಕಿ ಗುಂಡಿ ಹಚ್ಚಿಕೊಡುವುದು ಅವಳ ಕೆಲಸ. ಹಾಗಾಗಿ ಊರಿಗೆಲ್ಲ ಅವಳು ಗುಂಡಿ ಅಕ್ಕ. ಅವಳ ಬಲಗಣ್ಣಿನ ಕಪ್ಪಿನ ಮೇಲೆ ಹಾಲಿನ ಕೆನೆಯಂಥ ಪೊರೆ ಕೂತಿರುವುದು, ಎಡಗಣ್ಣಿನಲ್ಲಿ ಈಗ ಶುರುವಾಗಿರುವುದು ಅವಳ ಎದುರು ನಿಂತು ಮುಖ ನೋಡಿದ ಯಾರಿಗೂ ಟಾರ್ಚಿಲ್ಲದೆ ಕಾಣುತ್ತದೆ. ಶಿಬಿರದ ದಿನ ಅವಳ ಮುಖ ನೋಡುವ ಸರದಿ ಯಾರಿಗೂ ಬರಲಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಅವಳ ಪಾಳಿ ಬರುವ ಹೊತ್ತಿಗೆ ಇಳಿಬಿಸಿಲು ಬೀಳುತ್ತಿದೆಯೆಂದು ತಮ್ಮನ್ನು ಎದುರಿನ ಗೋಡೆಯಿಂದ ತೆಗೆದು ಎಡಗೋಡೆಗೆ ಹಾಕಿದ್ದರು. ಗೆರೆಯ ಮೇಲೆ ಸೆಟೆದು ನಿಂತ ಅಕ್ಕ, ಖಾಲಿಯಾಗಿದ್ದ ಎದುರಿನ ಗೋಡೆಯ ಕಡೆಗೇ ಮುಖ ಮಾಡಿ, ಸ್ವಯಂಸೇವಕರು ಅಕ್ಷರ ತೋರಿಸುವ ಕೋಲು ಎತ್ತುವ ಮೊದಲೇ, ಉಸಿರು ಬಿಡದೆ ತಮ್ಮನ್ನು ಟ-ದಿಂದ ದ-ದವರೆಗೆ ಓದಿ ಮುಗಿಸಿದಳು. ಮೊಬೈಲಿನಲ್ಲಿ ಮುಳುಗಿದ್ದ ಸ್ವಯಂಸೇವಕರು ತಲೆಯೆತ್ತದೆ “ಸೂಪರ್ ಅಮ್ಮಾ!” ಎಂದು ಬಿಲ್ಲೆ ಚುಚ್ಚಿದರು. ಅವಳು ತಮ್ಮ ಕಡೆ ತಿರುಗಿಯೂ ನೋಡಲಿಲ್ಲವೆಂಬುದನ್ನು ಸಂಸ್ಥೆಯ ಕಡೆಯವರಲ್ಲಿ ಕಣ್ಣಾರೆ ಕಂಡವರು ತಾವೊಬ್ಬರೇ. ಆದರೂ ತಾವು ಕೆಮ್ಮಲಿಲ್ಲ, ಮೊಳೆಯಿಂದ ಜಾರಿ ಬೀಳಲಿಲ್ಲ. ತಮ್ಮ ಘನತೆ ಅಂಥದ್ದು.

ಸಮಾರೋಪದಲ್ಲಿ ಅಧ್ಯಕ್ಷರು ಗದ್ಗದಿತರಾದರು. ನಮ್ಮ ಓಣಿಯವರ ದೃಷ್ಟಿ ಇಡೀ ನಗರಕ್ಕೇ ಮಾದರಿ, ಇಲ್ಲಿಗೆ ಮುಂದೆ ಶಿಬಿರದ ಅಗತ್ಯವೇ ಬೀಳದು ಎಂದು ಘೋಷಿಸಿ, ಚೌಕಟ್ಟು ಹಾಕಿಸಿದ ಪ್ರಶಂಸಾಪತ್ರವೊಂದನ್ನು ಭವನದ ಗೋಡೆಗೆ ತೂಗುಹಾಕಿಸಿದರು. ಅದು ಈಗಲೂ ಇದೆ. ಅದರಲ್ಲೇನು ಬರೆದಿದೆಯೆಂದು ಹೊರಗಿನವರು ಕೇಳಿದರೆ ನಮ್ಮ ಹಿರಿಯರು ಅದರ ಮುಂದೆ ಕೈಕಟ್ಟಿ ನಿಂತು ‘ಟಗಲ ಜನರ ಬಳಗದ’ ಎಂದೇ ಓದಿ ಹೇಳುತ್ತಾರೆ.

ಪಾಸಾದ ಮೇಲಿನ ನಮ್ಮ ವೈಭವವನ್ನು ಸ್ವಲ್ಪ ಕೇಳಿಸಿಕೊಳ್ಳಬೇಕು. ವಾಚ್‌ಮನ್ ದೊಡ್ಡಪ್ಪ ಹಸಿರು ಬಿಲ್ಲೆ ಧರಿಸಿಯೇ ಗೇಟಿನಲ್ಲಿ ಕಟ್ಟಡದ ಮಾಲೀಕರನ್ನು ತಡೆದು, “ಯಾರಪ್ಪಾ ನೀನು, ಯಾರನ್ನ ಕೇಳ್ಕೊಂಡು ಒಳಗೆ ಬಂದೆ?” ಎಂದು ಗದರಿಸಿದರು. ದರ್ಜಿಯ ಕಥೆ ಇನ್ನೂ ಚೆನ್ನಾಗಿದೆ. ಮೊದಲೆಲ್ಲ ಅಕ್ಕ ನೀಲಿ ಅಂಗಿಗೆ ಕಂದು ದಾರ ಹಾಕಿದರೆ, ಗುಂಡಿಯೊಂದು ಕಡೆ ಕಾಜಾವೊಂದು ಕಡೆ ಆದರೆ, ಆತ ‘ಪಾಪ, ಕಣ್ಣು ಮಂಜು’ ಎಂದು ತಾನೇ ಬಿಚ್ಚಿ ಸರಿಮಾಡಿಕೊಳ್ಳುತ್ತಿದ್ದ. ಈಗ ಪಾಪ ಎನ್ನಲು ಆಧಾರವೇ ಇಲ್ಲ. “ಕಣ್ಣು ಚೆನ್ನಾಗೈತೆ ಅಂತ ಡಾಕ್ಟ್ರೇ ಬಿಲ್ಲೆ ಕೊಟ್ಟವ್ರಲ್ಲಮ್ಮಾ, ಹಂಗಾದ್ರೆ ಇದು ಅಸಡ್ಡೆ ತಾನೆ?” ಎಂದು ಕೇಳಿ, ಬಟ್ಟೆಯ ಗಂಟನ್ನು ಬೇರೆಯವರ ಮನೆಗೆ ಕಳಿಸಿದ. ತರ್ಕದಲ್ಲಿ ಒಂದು ಹೊಲಿಗೆಯೂ ತಪ್ಪಿಲ್ಲ. ಇಷ್ಟು ವರ್ಷ ಮಂಜುಗಣ್ಣಿನಲ್ಲೇ ಉಳಿದುಕೊಂಡು ಬಂದಿದ್ದ ಕೆಲಸ, ಕಣ್ಣು ಸರಿಯಿದೆಯೆಂದು ಸಾಬೀತಾದ ಕೂಡಲೇ ಹೋಯಿತು. ಕಳೆದ ವಾರ ಅವಳು ದರ್ಜಿಯನ್ನು ಇನ್ನೊಮ್ಮೆ ಕೇಳಿಕೊಳ್ಳಲು ಹೊರಟು, ಪೈಪು ಹಾಕಲು ತೋಡಿದ್ದ ಗುಂಡಿಗೆ ಬಿದ್ದಳು. ಜನ್ಮವಿಡೀ ಗುಂಡಿ ಹಚ್ಚಿದವಳಿಗೆ ಗುಂಡಿ ಕಾಣಲಿಲ್ಲವೆಂದು ಓಣಿಯಲ್ಲಿ ನಕ್ಕರು. ನನಗೆ ನಗು ಬರಲಿಲ್ಲ.

ಸಂಸ್ಥೆಯ ಕಚೇರಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತೆ ಬಹಳ ಸಜ್ಜನಿಕೆಯಿಂದ, “ನಿಮ್ಮ ಏರಿಯಾದಲ್ಲಿ ಪ್ರಾಬ್ಲಮ್ಮೇ ಇಲ್ವಲ್ಲ ಸಾರ್, ಅವಾರ್ಡ್ ಬೇರೆ ಬಂದಿದೆ” ಎಂದರು. ಹೋಗಲಿ, ದೊಡ್ಡಾಸ್ಪತ್ರೆಗಾದರೂ ಕರೆದೊಯ್ಯೋಣವೆಂದರೆ ಅಕ್ಕ ಜಗ್ಗುವುದಿಲ್ಲ. “ಪಾಸಾದೋಳನ್ನ ಮತ್ಯಾಕೋ ಕೂರಿಸ್ತೀಯ ಪರೀಕ್ಷೆಗೆ?” ಎಂದು ಬಿಲ್ಲೆ ಮುಟ್ಟಿ ತೋರಿಸುತ್ತಾಳೆ. ಬಿಲ್ಲೆ ತಲೆಕೆಳಗಾಗಿ ಚುಚ್ಚಿಕೊಂಡಿರುತ್ತಾಳೆ. ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಮತ್ತೆ ಮತ್ತೆ ಫೇಲಾಗಿ, ಕೊನೆಗೆ ಅಪ್ಪನೇ ಬಿಡಿಸಿ ಸೂಜಿ ಹಿಡಿಸಿದವಳು ಅವಳು. ಆಯುಷ್ಯದಲ್ಲಿ ಅವಳು ಪಾಸಾದದ್ದು ತಮ್ಮ ಮುಂದೊಂದೇ ಸಲ.

ಬರೀ ದಡ್ಡತನದಿಂದ ಹೀಗಾಯಿತೆಂದು ತಾವು ತಿಳಿಯಬಾರದು. ಗುಂಡಿಗೆ ಬಿದ್ದ ದಿನ ಮೊಣಕಾಲಿಗೆ ಔಷಧ ಹಚ್ಚುತ್ತಾ ನಾನು ಗಟ್ಟಿಯಾಗಿಯೇ ಗದರಿದೆ: ಕಾಣುವುದಿಲ್ಲವೆಂದು ಅವತ್ತೇ ಹೇಳಲು ಏನಾಗಿತ್ತು ನಿನಗೆ? ಅವಳು ಮೊಣಕಾಲು ಎಳೆದುಕೊಂಡು, “ಅಷ್ಟು ಜನರ ಎದುರು ಕಾಣ್ಸಲ್ಲ ಅಂದ್ರೆ ದರ್ಜಿ ಕಿವಿಗೆ ಬೀಳದೆ ಇರುತ್ತೇನೋ? ಆಮೇಲೆ ಯಾರು ಕೊಡ್ತಾರೆ ನಂಗೆ ಬಟ್ಟೆ?” ಎಂದಳು. ಆಗ ನನಗೆ ಸಾಲಿನ ಉಳಿದವರೂ ನೆನಪಾದರು. ವಾಚ್‌ಮನ್ ದೊಡ್ಡಪ್ಪನಿಗೆ ಮಾಲೀಕರ ಭಯ, ಲಾರಿ ಓಡಿಸುವವನಿಗೆ ಲೈಸೆನ್ಸಿನ ಭಯ, ಮದುವೆ ಗೊತ್ತಾದ ಹುಡುಗಿಗೆ ಕನ್ನಡಕದ ಭಯ. ಶಿಬಿರ ಉಚಿತವಾಗಿತ್ತು, ಒಪ್ಪುತ್ತೇನೆ. ಕಾಣುವುದಿಲ್ಲ ಎಂದು ನಾಲ್ಕು ಜನರ ನಡುವೆ ಒಪ್ಪಿಕೊಳ್ಳುವುದು ಉಚಿತವಾಗಿರಲಿಲ್ಲ. ಅದನ್ನು ಸಂಸ್ಥೆಯ ಯಾರೂ ಕೇಳಲಿಲ್ಲ, ನಗುತ್ತಾ ಕೂತಿದ್ದ ನನಗೂ ಹೊಳೆಯಲಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ವಿನಂತಿಸಿಕೊಳ್ಳುವುದೇನೆಂದರೆ, ತಾವು ದೊಡ್ಡ ಮನಸ್ಸು ಮಾಡಿ ಒಂದು ದಿನ ಬ್ಯಾನರು, ಮೈಕು, ಅಧ್ಯಕ್ಷರು ಯಾರಿಗೂ ಸುಳಿವು ಕೊಡದೆ ಪೆಟ್ಟಿಗೆಯಿಂದ ಇಳಿದು ನಮ್ಮ ಓಣಿಗೆ ನಡೆದು ಬರಬೇಕು. ಬರುವ ದಾರಿಯಲ್ಲಿ ತಮ್ಮ ಅಕ್ಷರಗಳನ್ನೆಲ್ಲ ಇಸ್ಪೀಟು ಕಲೆಸಿದಂತೆ ಕಲೆಸಿಕೊಂಡು ಬರಬೇಕು; ಒಬ್ಬರು ಓದಿದ್ದು ಇನ್ನೊಬ್ಬರ ಕಿವಿಗೆ ಬೀಳದ ಹಾಗೆ ಒಂದೊಂದೇ ಮನೆಯ ಒಳಗೆ ಬಂದು ಬಾಗಿಲು ಹಾಕಿಕೊಂಡು ಕೂರಬೇಕು. ಪರೀಕ್ಷೆ ಎಂಬ ಪದವನ್ನು ದಾರಿಯ ಮೋರಿಗೆ ಎಸೆದು ಬರಬೇಕು. ಬರುವಾಗ ವೈದ್ಯರನ್ನೂ ಅವರ ಟಾರ್ಚನ್ನೂ ಕೈಹಿಡಿದು ಕರೆತಂದು, ತಮ್ಮನ್ನು ನೋಡುವ ಮೊದಲು ಎದುರಿಗೆ ನಿಂತವರ ಮುಖವನ್ನು ಒಂದು ಸಲ ನೋಡುವಂತೆ ಮಾಡಬೇಕು. ಇಷ್ಟೆಲ್ಲ ತಮ್ಮಿಂದಾಗದಿದ್ದರೆ ಕನಿಷ್ಠ ಒಂದು ಉಪಕಾರ ಮಾಡಬೇಕು: ಬೇಕಾದರೆ ಮತ್ತೆ ಟೇಪು ಕತ್ತರಿಸಿ, ಮತ್ತೆ ಭಾಷಣ ಮಾಡಿಸಿ, ಮತ್ತೆ ಚಹಾ ಕೊಟ್ಟು, ನನ್ನ ಅಕ್ಕನನ್ನು ಸಕಲ ಗೌರವಗಳೊಂದಿಗೆ ಫೇಲು ಮಾಡಬೇಕು. ಬಿಲ್ಲೆಯನ್ನು ಹಿಂದಿರುಗಿಸಲು ನಾನು ತಯಾರಿದ್ದೇನೆ, ಅವಳು ಕೊಡುವುದಿಲ್ಲ.

ತಮ್ಮ ಮೊಳೆ ಗಟ್ಟಿಯಾಗಿರಲಿ, ತಮ್ಮ ಕಪ್ಪು ಮಾಸದಿರಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಗುಂಡಿ ಅಕ್ಕನ ತಮ್ಮ
(ಕಚೇರಿ ಗೇಟಿನ ಪಕ್ಕದ ಅರ್ಜಿ ಮೇಜು)

ತಾ.ಕ.: ಸಹಿ ಹಾಕಿದ ಮೇಲೆ, ಪಕ್ಕದಲ್ಲೇ ಕೂತಿದ್ದ ಅಕ್ಕ ಏನು ಬರೆದೆ ಓದು ಎಂದಳು. ಮೊದಲಿನಿಂದ ಕೊನೆಯವರೆಗೆ ಓದಿದೆ. ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಬಿಲ್ಲೆಯನ್ನು ತಡವಿ ತಡವಿ ಬಿಚ್ಚಿ ಮೇಜಿನ ಮೇಲಿಟ್ಟು, “ಇಷ್ಟುದ್ದ ಯಾಕೋ ಗೀಚ್ದೆ? ನಂಗೆ ಕಣ್ಣು ಕಾಣ್ಸಲ್ಲ ಅಂತ ಒಂದೇ ಸಾಲು ಬರೆದಿದ್ರೆ ಸಾಕಿತ್ತಲ್ಲ” ಎಂದಳು. ಇಷ್ಟು ವರ್ಷ ಊರಿನವರ ಅರ್ಜಿ ಬರೆದವನಿಗೆ ಆ ಸಾಲು ಹೊಳೆದಿರಲಿಲ್ಲ. ನಾಳೆ ಬೆಳಿಗ್ಗೆ ನಾವಿಬ್ಬರೂ ದೊಡ್ಡಾಸ್ಪತ್ರೆಗೆ ಹೊರಟಿದ್ದೇವೆ. ಓಣಿಯ ಉಳಿದವರು ತಮಗಾಗಿ ಕಾಯುತ್ತಿದ್ದಾರೆ. ಆ ಒಂದು ಸಾಲನ್ನು ದಯವಿಟ್ಟು ತಮ್ಮ ತಲೆಯ ಮೇಲೆ, ‘ಟ’ಗಿಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಳ್ಳಿ, ಮುಂದಿನ ಕುರ್ಚಿಯಲ್ಲಿ ಕೂತವರು ಓದಲಿ. ಅವರು ಪಾಸಾಗುತ್ತಾರೋ ನೋಡೋಣ.