ಶೋರೂಮಪ್ಪನ ತುಕ್ಕು

ಶೋರೂಮಪ್ಪ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ಮೂರು ತಿಂಗಳ ತುಕ್ಕನ್ನು ಅವನ ಅತ್ತೆ ತೊಳೆದುಬಿಟ್ಟಿದ್ದರು.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಅವನಿದ್ದ ಕಟ್ಟಡದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಶೋರೂಮಪ್ಪ ಎಂದೇ. ಸ್ವಂತಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಾರುಗಳಿದ್ದೂ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುವ ಮನುಷ್ಯನನ್ನು ಇನ್ನೇನೆಂದು ಕರೆಯಬೇಕು? ಕಾರುಗಳೆಲ್ಲ ಅಂಗೈಯಗಲದವು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಸಾಸಿವೆ ಗಾತ್ರದ ಸ್ಕ್ರೂಗಳನ್ನು ಬಿಗಿದು ಸಂಜೆ ಮನೆಗೆ ಬಂದರೆ, ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ಅಲ್ಲೂ ಚಿಮುಟ, ಅಲ್ಲೂ ಭೂತಗನ್ನಡಿ. ಆಟಿಕೆ ಕಾರುಗಳನ್ನು ಬಿಚ್ಚುವುದು, ಕೊಯ್ಯುವುದು, ಬಾಗಿಲು ತೆರೆಯುವಂತೆ ಮಾಡುವುದು, ಒಳಗೆ ಸೀಟು ಕೂರಿಸುವುದು, ಹೊಸ ಬಣ್ಣ ಬಳಿಯುವುದು. ಹೆಂಡತಿ ಊಟಕ್ಕೆ ಎರಡು ಸಲ ಕರೆದರೂ ಅವನಿಗೆ ಕೇಳಿಸದು. ಮೂರನೆಯ ಸಲ ಅವಳು ಕರೆಯುವುದಿಲ್ಲ, ದೀಪ ಆರಿಸುತ್ತಾಳೆ.

ಮನೆಯ ಹಾಲಿಗೆ ಇದ್ದದ್ದು ಒಂದೇ ಕಿಟಕಿ. ಅತ್ತೆ ಬಂದು ಜೊತೆಯಲ್ಲಿರತೊಡಗಿದ ಮೇಲೆ ಆ ಕಿಟಕಿಯ ಮೇಲೆ ಹೆಂಡತಿಯ ಕಣ್ಣು ಬಿದ್ದಿತ್ತು. ಕೊನೆಗೆ ಒಂದು ಕರಾರು ಮಾಡಿದ್ದಳು.

“ನೋಡಿ, ಈ ಸಲದ ಪ್ರದರ್ಶನದಲ್ಲಿ ಬಹುಮಾನ ಬಂದ್ರೆ ನಿಮ್ಮ ಮೇಜು ಇಲ್ಲೇ ಇರ್ಲಿ, ನಾನು ಮತ್ತೆ ಉಸಿರೆತ್ತಲ್ಲ. ಬರಲಿಲ್ವೋ, ಕಾರೆಲ್ಲ ಪೆಟ್ಟಿಗೆಗೆ, ಮೇಜು ಹೊರಗೆ. ಆ ಜಾಗಕ್ಕೆ ಅಮ್ಮನ ಆರಾಮ ಕುರ್ಚಿ.”

ಪ್ರದರ್ಶನವೆಂದರೆ ಪುಟ್ಟ ಕಾರು ಮಾಡುವ ಹುಚ್ಚರೆಲ್ಲ ಸೇರಿ ಕಟ್ಟಿಕೊಂಡ ಸಂಘದ್ದು. ವರ್ಷಕ್ಕೊಮ್ಮೆ ಗ್ರಂಥಾಲಯದ ಮಹಡಿಯ ಮೇಲೆ ನಡೆಯುತ್ತಿತ್ತು. ಶೋರೂಮಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ, ಒಂದು ವರ್ಷವೂ ಗೆದ್ದವನಲ್ಲ. ಈ ಸಲ ‘ಪಾಳು ವಾಹನ’ ಎಂಬ ವಿಭಾಗಕ್ಕೆ ಜೀವ ತೇದಿದ್ದ. ಬಯಲಲ್ಲಿ ಬಿಟ್ಟುಹೋದ ಮುದಿ ಟ್ಯಾಕ್ಸಿ. ಉಪ್ಪಿನ ಹರಳು ಅಂಟಿಸಿ, ಮೇಲೆ ಬಣ್ಣ ಊದಿ, ಒಣಗಿದ ಮೇಲೆ ಉಪ್ಪು ಉದುರಿಸಿದರೆ ಬಣ್ಣ ಚಕ್ಕೆಯೆದ್ದಂತೆ ಕಾಣುತ್ತದೆ. ಹಾಗೆ ಚಕ್ಕೆ ಎಬ್ಬಿಸಿ, ತುಕ್ಕಿನ ಪುಡಿ ಹಚ್ಚಿ, ಚಕ್ರದ ಸಂದಿಗೆ ಕೆಸರು ಮೆತ್ತಿ, ಗಾಜಿನ ಮೇಲೆ ವೈಪರ್ ಆಡಿದ ಗುರುತನ್ನೂ ಬಿಡಿಸಿದ್ದ. ಎಲ್ಲ ನೀರಲ್ಲಿ ಕಲಸಿದ ಬಣ್ಣ. ಕೊನೆಗೊಂದು ತೆಳು ವಾರ್ನಿಷ್ ಊದಿದರೆ ಅಳಿಸುವ ಮಾತೇ ಇಲ್ಲ. ಆ ವಾರ್ನಿಷನ್ನು ಸ್ನಾನ ಮಾಡಿ ಬಂದು ಊದೋಣ ಎಂದುಕೊಂಡಿದ್ದ.

ಅತ್ತೆಯೋ, ಕೊಳೆ ಕಂಡರೆ ಸುಮ್ಮನಿರುವ ಹೆಂಗಸಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ಕನ್ನಡಕವನ್ನೂ ಇಸಿದುಕೊಂಡು ಒರೆಸಿಕೊಡುವವರು.

“ಅಳಿಯಂದ್ರೇ, ಇಲ್ಲಿ ನೋಡಿ!” ಟವೆಲು ಸುತ್ತಿಕೊಂಡು ಬಂದವನ ಮೂಗಿಗೆ ಕಾರನ್ನು ಹಿಡಿದರು. “ಎಷ್ಟು ಕೊಳೆ ಕೂತಿತ್ತು ಅಂತೀರಿ! ಪಾತ್ರೆ ಸೋಪು, ಬಿಸಿನೀರು, ಹಳೇ ಹಲ್ಲುಜ್ಜೋ ಬ್ರಷ್ಷು. ಸಂದಿಗೊಂದಿ ಬಿಡದೆ ತಿಕ್ಕಿದೀನಿ. ಪಾಪ, ನಿಮಗೆಲ್ಲಿ ಪುರುಸೊತ್ತು ಅಂತ.”

ಕಾರ್ಖಾನೆಯಲ್ಲಿ ಬಳಿದಿದ್ದ ಕೆಂಪು ಬಣ್ಣ ಹೊರಬಂದು ಟ್ಯಾಕ್ಸಿ ಮದುವೆಮನೆಯ ಮಗುವಿನ ಹಾಗೆ ಫಳಫಳಿಸುತ್ತಿತ್ತು. ಅತ್ತೆಯ ಮೇಲೆ ಕೂಗಾಡುವ ಧೈರ್ಯ ಶೋರೂಮಪ್ಪನಿಗೆ ಎಂದೂ ಇರಲಿಲ್ಲ.

“ಚೆನ್ನಾಗಿದೆ ಅತ್ತೆ,” ಅಂದ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಅಡುಗೆಮನೆಯಿಂದ ಇಣುಕಿದ ಹೆಂಡತಿ ಬಾಗಿಲಿಗೇ ಒರಗಿ ಕೂತಳು. “ಅಯ್ಯೋ ಅಮ್ಮಾ, ಅದು ಕೊಳೆ ಅಲ್ಲಮ್ಮ! ಇವರೇ ಕೂತು ಮಾಡಿದ್ದು. ಮೂರು ತಿಂಗಳು!”

“ಕೊಳೆ ಮಾಡೋಕೆ ಮೂರು ತಿಂಗಳಾ?” ಅತ್ತೆ ಕಂಗಾಲಾದರು. “ನಮ್ಮನೇಲಿ ನಿಮ್ಮಣ್ಣ ಮೂರು ನಿಮಿಷದಲ್ಲಿ ಮಾಡ್ತಿದ್ದ.” ಆದರೆ ಅಳಿಯನ ಮುಖ ನೋಡಿ ಅವರಿಗೆ ನಿಜಕ್ಕೂ ಸಂಕಟವಾಯಿತು. “ಕೆಡಿಸಿದ್ದು ನಾನು. ಸರಿ ಮಾಡೋದೂ ನಾನೇ,” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅವರನ್ನು ತಡೆಯಬೇಕಿತ್ತು. ಶೋರೂಮಪ್ಪ ಆಗ ಅಂಗಡಿಯ ಮಾಲೀಕನಿಗೆ ಫೋನ್ ಮಾಡುತ್ತಿದ್ದ.

“ಸಾರ್, ಇವತ್ತು ಪೂರ್ತಿ ರಜೆ ಬೇಕಿತ್ತು. ಮನೇಲಿ ಕಾರು ತೊಳೆದುಬಿಟ್ಟಿದಾರೆ.”

“ಕಾರು ತೊಳೆದ್ರೆ ನಿನಗ್ಯಾಕಯ್ಯಾ ರಜೆ? ಒಣಗೋವರೆಗೂ ಪಕ್ಕದಲ್ಲಿ ಕೂತಿರ್ಬೇಕಾ?” ಮಾಲೀಕ, “ಅದಿರ್ಲಿ, ಕಾರು ಯಾವಾಗ ತಗೊಂಡೆ? ಮೊನ್ನೆ ತಾನೆ ಸಂಬಳ ಸಾಲ್ತಿಲ್ಲ ಅಂದೆ?” ಎಂದ.

ಪ್ರದರ್ಶನ ಅವತ್ತೇ, ಸಂಜೆ ನಾಲ್ಕಕ್ಕೆ ಕಾರು ಗ್ರಂಥಾಲಯದಲ್ಲಿರಬೇಕು. ಶೋರೂಮಪ್ಪ ಮತ್ತೆ ಉಪ್ಪು ಅಂಟಿಸಲು ಕೂತ. ಅವಸರಕ್ಕೆ ಒಂದು ಹರಳು ಹತ್ತುತ್ತಿದ್ದರೆ ಇನ್ನೊಂದು ಜಾರುತ್ತಿತ್ತು. ಅಷ್ಟರಲ್ಲಿ ಅತ್ತೆ ಸೈನ್ಯ ಕರೆತಂದರು. ಮೇಲಿನ ಮನೆಯ ಪೇಂಟಿಂಗ್ ಮೇಸ್ತ್ರಿ, ಕೈಯಲ್ಲಿ ಡಬ್ಬಿ. ಎದುರು ಗ್ಯಾರೇಜಿನ ಮೆಕ್ಯಾನಿಕ್, ಕೈಯಲ್ಲಿ ಸುತ್ತಿಗೆ.

“ಹಳೇದು ಕಾಣಿಸ್ಬೇಕು, ಅಷ್ಟೇ ತಾನೇ?” ಮೇಸ್ತ್ರಿ ಕುರ್ಚಿ ಎಳೆದುಕೊಂಡ. “ನಾನು ಬಳಿದ ಗೋಡೆ ಆರು ತಿಂಗಳಿಗೆ ತಾನಾಗೇ ಹಳೇದಾಗುತ್ತೆ.”

“ಆರು ತಿಂಗಳು ಎಲ್ಲಿದೆ ಮೇಸ್ತ್ರಿ, ಸಂಜೆಗೆ ಬೇಕು!”

“ಹಾಗಾದ್ರೆ ಎರಡು ಕೋಟ್ ಹೊಡೀತೀನಿ.”

ಬೇಡ ಎನ್ನುವುದರೊಳಗೆ ಹೊಡೆದಾಗಿತ್ತು. ಮೇಸ್ತ್ರಿಯ ಹತ್ತಿರವಿದ್ದ ಅತಿ ಸಣ್ಣ ಬ್ರಷ್ಷು ನಾಲ್ಕು ಬೆರಳಗಲ. ಒಂದೇ ಎಳೆತಕ್ಕೆ ಟ್ಯಾಕ್ಸಿಯ ಛಾವಣಿ, ಕಿಟಕಿ, ಬಾಗಿಲು, ಒಳಗಿದ್ದ ಸೀಟು ಎಲ್ಲ ಕಾಂಪೌಂಡು ಗೋಡೆಯ ಬೂದುಬಣ್ಣದಲ್ಲಿ ಮುಳುಗಿದವು. ಶೋರೂಮಪ್ಪ ಕಣ್ಣು ಮುಚ್ಚಿದ. ತೆರೆದಾಗ ಕಾರು ಮೆಕ್ಯಾನಿಕ್ ಕೈಯಲ್ಲಿತ್ತು.

“ಬಣ್ಣದಲ್ಲಿ ಏನಿದೆ ಸಾರ್, ಹಳೇ ಗಾಡಿ ಅಂದ್ರೆ ಗ್ರೀಸು,” ಎನ್ನುತ್ತ ಅವನು ಬಾನೆಟ್ಟಿನ ಮೇಲೆ ಹೆಬ್ಬೆರಳು ಒತ್ತಿದ. ಇನ್ನೂ ಆರದ ಬಣ್ಣದಲ್ಲಿ ಕರಿ ಗುರುತು ಗೆರೆಗೆರೆಯಾಗಿ ಮೂಡಿತು.

“ಅಯ್ಯಾ ಪುಣ್ಯಾತ್ಮ! ಇದು ಇಪ್ಪತ್ತನಾಲ್ಕು ಪಾಲು ಚಿಕ್ಕ ಮಾಡಿದ ಕಾರು. ಇದರ ಲೆಕ್ಕದಲ್ಲಿ ಈ ಹೆಬ್ಬೆಟ್ಟಿನ ಮನುಷ್ಯ ಹನ್ನೆರಡು ಅಂತಸ್ತಿನಷ್ಟು ಎತ್ತರ ಇರ್ಬೇಕು!”

“ಹೌದಾ ಸಾರ್? ಅಷ್ಟು ದೊಡ್ಡೋನಾ ನಾನು?” ಮೆಕ್ಯಾನಿಕ್‌ಗೆ ಎದೆಯುಬ್ಬಿ ಬಂತು. ಡಿಕ್ಕಿಯ ಮೇಲೂ ಒಂದು ಒತ್ತಿದ. ಅದೇ ಹುರುಪಿನಲ್ಲಿ, “ಒಂದು ಡೆಂಟ್ ಬೇಡ್ವಾ?” ಎಂದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಅವನ ‘ಮೆಲ್ಲಗೆ’ ಲಾರಿಗಳಿಗೆ ಹೇಳಿ ಮಾಡಿಸಿದ್ದು. ಬಾಗಿಲು ಕಳಚಿ ಬಿತ್ತು, ಒಂದು ಚಕ್ರ ಟಣ್ ಎಂದು ಹಾರಿ ಕಪಾಟಿನ ಅಡಿಗೆ ಉರುಳಿಹೋಯಿತು.

ಎಲ್ಲರೂ ನೆಲಕ್ಕೆ ಕೆನ್ನೆಯಿಟ್ಟು ಹುಡುಕಿದರು. ಚಕ್ರ ಸಿಗಲಿಲ್ಲ. ಕಪಾಟಿನ ಅಡಿಯ ಧೂಳು ಕಂಡು ಅತ್ತೆ ಪೊರಕೆಗೆ ಓಡಿದ್ದರಿಂದ ಇನ್ನಷ್ಟು ಹೊತ್ತು ಹೋಯಿತು. ಕೊನೆಗೆ ಅವರೇ ಕಳಚಿದ ಬಾಗಿಲಿಗೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಹಚ್ಚಿ ಕೂರಿಸಿದರು. ಚಕ್ರದ ಜಾಗಕ್ಕೆ ಕೋಟಿನ ಗುಂಡಿ ಇಟ್ಟು, ಅಚ್ಚಿಗೆ ದಾರ ಸುತ್ತಿ ಹೊಲಿದರು. ಹೊಲಿಗೆ ಮಾತ್ರ ಬಹಳ ಅಚ್ಚುಕಟ್ಟಾಗಿತ್ತು.

“ಈಗ ಹೇಗಿದೆ ಅಳಿಯಂದ್ರೇ?”

ಶೋರೂಮಪ್ಪನಿಗೆ ಅಳು ಬಂತು. ಮೇಜಿನ ಅಂಚನ್ನು ಒಮ್ಮೆ ಸವರಿದ. ಇನ್ನು ಈ ಮೇಜು ತನ್ನದಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಹಾಗೆಂದು ಹೋಗದೆ ಇದ್ದರೆ ಸೋಲು ಇನ್ನೂ ಖಾತ್ರಿ.

ಬಸ್ಸಿಗೆ ಹೊತ್ತಿರಲಿಲ್ಲ. ಮೆಕ್ಯಾನಿಕ್‌ನ ವ್ಯಾನಿನಲ್ಲೇ ಎಲ್ಲರೂ ಹೊರಟರು. ಮೇಸ್ತ್ರಿ ತನ್ನ ಕೆಲಸಕ್ಕೆ ಜನ ಏನೆನ್ನುತ್ತಾರೋ ನೋಡಲು, ಅತ್ತೆ ತೀರ್ಪುಗಾರರ ಮುಂದೆ ತಪ್ಪೊಪ್ಪಿಕೊಳ್ಳಲು, ಹೆಂಡತಿ ನಗಲು. ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನ ವ್ಯಾನು ತಳ್ಳದೆ ಸ್ಟಾರ್ಟ್ ಆಗುತ್ತಿರಲಿಲ್ಲ. ತಳ್ಳಿದ್ದು ಯಾರೆಂದು ಬೇರೆ ಹೇಳಬೇಕಿಲ್ಲ.

ಗ್ರಂಥಾಲಯದ ಮಹಡಿಯಲ್ಲಿ ಉದ್ದದ ಮೇಜಿನ ತುಂಬ ಪಾಳು ವಾಹನಗಳು. ಒಂದರ ಇಂಜಿನ್ನಿನಲ್ಲಿ ಹುಲ್ಲು ಬೆಳೆದಿತ್ತು, ಇನ್ನೊಂದರ ಸೀಟಿನಲ್ಲಿ ಹಕ್ಕಿಗೂಡು, ಗೂಡಿನಲ್ಲಿ ಗಸಗಸೆಯಷ್ಟು ಮೊಟ್ಟೆ. ಶೋರೂಮಪ್ಪ ತನ್ನ ಟ್ಯಾಕ್ಸಿಯನ್ನು ಕಂಬದ ಮರೆಯಲ್ಲಿ ಇಟ್ಟು, ತಾನೂ ಅದೇ ಕಂಬದ ಮರೆಗೆ ಸರಿದ.

ತೀರ್ಪುಗಾರರು ಹುಬ್ಬು ದಪ್ಪದ ಮುದುಕರು. ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡುತ್ತ, “ಒಳ್ಳೇ ತುಕ್ಕು,” “ಇದೂ ಒಳ್ಳೇ ತುಕ್ಕು,” ಎಂದು ಆಕಳಿಸುತ್ತ ಬಂದರು. ಕಂಬದ ಹತ್ತಿರ ನಿಂತವರು ನಿಂತೇ ಬಿಟ್ಟರು. ಭೂತಗನ್ನಡಿ ಪಕ್ಕಕ್ಕಿಟ್ಟು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತೆಯ ಕೈ ಅಭ್ಯಾಸಬಲದಿಂದ ಆ ಕನ್ನಡಕದ ಕಡೆ ಚಾಚಿತು, ಹೆಂಡತಿ ಹಿಡಿದುಕೊಂಡಳು.

“ಎಲ್ಲರೂ ದೊಡ್ಡ ಕಾರು ಹಾಳಾದ್ರೆ ಹೇಗಿರುತ್ತೆ ಅಂತ ಚಿಕ್ಕದು ಮಾಡಿ ತೋರಿಸಿದಾರೆ,” ಎಂದರು ಮುದುಕರು. “ಇದೊಂದೇ, ಆಟದ ಕಾರು ಹಾಳಾದ್ರೆ ಹೇಗಿರುತ್ತೆ ಅಂತ ಇದ್ದ ಗಾತ್ರದಲ್ಲೇ ತೋರಿಸಿರೋದು! ಮನೆಮಂದಿಯೆಲ್ಲ ಕೈಯಾಡಿಸಿದ ಬಣ್ಣ, ಅಪ್ಪನ ಹೆಬ್ಬೆಟ್ಟು, ಅಮ್ಮ ಹಚ್ಚಿದ ಪ್ಲಾಸ್ಟರು, ಹೊಲಿದ ಗುಂಡಿ. ನನ್ನ ಹತ್ರ ಚಿಕ್ಕಂದಿನಲ್ಲಿ ಇಂಥದ್ದೇ ಒಂದಿತ್ತು. ಮೊದಲನೇ ಬಹುಮಾನಕ್ಕೆ ಬೇರೆ ಹುಡುಕೋದೇ ಬೇಡ. ಯಾರು ಮಾಡಿದ್ದು?”

ಶೋರೂಮಪ್ಪ ಕಂಬದ ಹಿಂದಿನಿಂದ ಹಾರಿಯೇ ಬಂದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ, ಅದನ್ನು ಹೆಂಡತಿಯ ಎದುರು ಹೇಳಲಿಲ್ಲ ಅಷ್ಟೆ. ಮೇಜು ಉಳಿಯಿತು, ಕಿಟಕಿ ಉಳಿಯಿತು!

“ಭೇಷ್! ಈ ಹೆಬ್ಬೆಟ್ಟು ಎಷ್ಟು ಸಹಜವಾಗಿದೆ! ಹೇಗೆ ಮಾಡಿದ್ರಿ?”

“ಅದು ನಂದು ಸಾರ್,” ಮೆಕ್ಯಾನಿಕ್ ಬೆರಳೆತ್ತಿ ತೋರಿಸಿದ.

“ಈ ಬಣ್ಣ?”

“ಎರಡು ಕೋಟು, ನಾನೇ,” ಅಂದ ಮೇಸ್ತ್ರಿ.

“ಪ್ಲಾಸ್ಟರು, ಗುಂಡಿ?”

“ನಾನು,” ಅತ್ತೆ ತಲೆ ತಗ್ಗಿಸಿದರು. “ತಪ್ಪಾಯ್ತು.”

ತೀರ್ಪುಗಾರರ ಹುಬ್ಬು ಶೋರೂಮಪ್ಪನ ಕಡೆ ತಿರುಗಿತು. “ಹಾಗಾದ್ರೆ ಇದರಲ್ಲಿ ನಿಮ್ಮ ಕೆಲಸ ಯಾವುದು?”

“ನಾನು ಮೂರು ತಿಂಗಳು ಕೂತು ತುಕ್ಕು...”

“ಎಲ್ಲಿ, ತೋರಿಸಿ.”

ಶೋರೂಮಪ್ಪ ಕಾರನ್ನು ತಿರುಗಿಸಿದ, ಮಗುಚಿದ, ಬಾಗಿಲ ಸಂದಿಯಲ್ಲಿ ಇಣುಕಿದ. ಒಂದು ಚುಕ್ಕೆ ತುಕ್ಕು ಸಿಕ್ಕಿದ್ದರೆ ಸಾಕಿತ್ತು.

“ತೊಳೆದುಹೋಯ್ತು ಸಾರ್.”

“ಒಂಚೂರೂ ಉಳಿದಿಲ್ಲ,” ಅತ್ತೆ ಅಳಿಯನ ನೆರವಿಗೆ ಬಂದರು. “ಸುಳ್ಳು ಹೇಳೋರಲ್ಲ ನಮ್ಮ ಅಳಿಯಂದ್ರು. ನಾನೇ ತಿಕ್ಕಿ ತೆಗೆದದ್ದು.”

ಸಂಘದ ನಿಯಮ ಖಡಕ್ಕಾಗಿತ್ತು. ಯಾರ ಕೈಕೆಲಸವೋ ಬಹುಮಾನ ಅವರದ್ದೇ. ಬೆಳ್ಳಿ ಬಣ್ಣದ ಬಹುಮಾನದ ಕಪ್ಪನ್ನು ಅತ್ತೆಯ ಕೈಗಿಟ್ಟರು, ಪ್ರಶಸ್ತಿಪತ್ರದಲ್ಲಿ ಮೂವರ ಹೆಸರು ಬರೆದರು. ಪಾಪದ ಮನುಷ್ಯನನ್ನು ಪೂರ್ತಿ ಬಿಡುವುದು ಹೇಗೆಂದು ಯೋಚಿಸಿ ತೀರ್ಪುಗಾರರು ಕೆಳಗೊಂದು ಸಾಲು ಸೇರಿಸಿದರು. ಶೋರೂಮಪ್ಪನ ಹೆಸರು, ಅದರ ಮುಂದೆ ‘ಕಾರು ಒದಗಿಸಿದವರು’.

ವ್ಯಾನು ತಳ್ಳಿಕೊಂಡು ಮನೆ ಸೇರುವಾಗ ಹೆಂಡತಿ ಸಮಾಧಾನ ಹೇಳಿದಳು. “ಯಾಕ್ರೀ ಮುಖ ಸಣ್ಣದು ಮಾಡ್ಕೋತೀರಿ? ನಾನು ಮಾತು ತಪ್ಪೋಳಲ್ಲ. ಬಹುಮಾನ ಬಂದಿದೆ, ಮೇಜು ಎಲ್ಲೂ ಹೋಗಲ್ಲ.”

ಅದೂ ನಿಜವೇ. ಬಹುಮಾನ ಯಾರದ್ದಾದರೇನು, ಮೇಜು ಉಳಿಯಿತಲ್ಲ. ಶೋರೂಮಪ್ಪನ ಮನಸ್ಸು ಮತ್ತೆ ಹಗುರಾಯಿತು. ಕೈಕಾಲು ತೊಳೆದು, ಸಿಳ್ಳೆ ಹಾಕುತ್ತ ಹಾಲಿಗೆ ಬಂದ.

ಮೇಜು ಕಿಟಕಿಯ ಪಕ್ಕದಲ್ಲೇ ಇತ್ತು. ನಡುವೆ ಬಹುಮಾನದ ಕಪ್. ಎಡಕ್ಕೆ ಡಬ್ಬಿ ತೆರೆದ ಮೇಸ್ತ್ರಿ, ಬಲಕ್ಕೆ ಸುತ್ತಿಗೆ ಹಿಡಿದ ಮೆಕ್ಯಾನಿಕ್, ಶೋರೂಮಪ್ಪನ ಕುರ್ಚಿಯಲ್ಲಿ ಭೂತಗನ್ನಡಿ ಹಿಡಿದ ಅತ್ತೆ. ಮೂವರ ಮುಖದಲ್ಲೂ ಹೊಸ ಹುಚ್ಚು ಹಿಡಿದವರ ಕಳೆ.

“ಅಲ್ಲೇ ಯಾಕೆ ನಿಂತ್ರಿ ಅಳಿಯಂದ್ರೇ?” ಎಂದರು ಅತ್ತೆ ಅಕ್ಕರೆಯಿಂದ. “ಬೇಗ ಇನ್ನೊಂದು ಕಾರು ಒದಗಿಸಿ.”